ಮನೆಯೊಳಗಿನ ಕರುಣೆ: ತೇರ್ಸ್, ಬೆಸಾಂವ್, ತೆನೆಹಬ್ಬ

ನೆರೆಯವರನ್ನು ಪ್ರೀತಿಸಬೇಕೆಂಬುದು ಕ್ರೈಸ್ತ ಧರ್ಮದ ಬೋಧನೆ ಎಂದು ಎಲ್ಲರಿಗೂ ಗೊತ್ತು. ಆ ಪ್ರೀತಿ ಮೊದಲು ಸಲ್ಲಬೇಕಾದದ್ದು ಮನೆಯವರಿಗೆ ಎಂಬ ಭಾಗ ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಹತ್ತು ಆಜ್ಞೆಗಳಲ್ಲಿ ದೇವರ ವಿಷಯ ಮುಗಿದು ಮನುಷ್ಯರ ವಿಷಯ ಶುರುವಾಗುವುದೇ ಹೆತ್ತವರಿಗೆ ಕೊಡಬೇಕಾದ ಗೌರವದಿಂದ. ಕಥೋಲಿಕರ ಎಣಿಕೆಯಲ್ಲಿ ಅದು ನಾಲ್ಕನೆಯದು. ತಿಮೊಥೇಯನಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯ ಇನ್ನೂ ಖಾರ. ಸ್ವಂತ ಮನೆಯವರನ್ನು ನೋಡಿಕೊಳ್ಳದವನನ್ನು ಅದು ನಂಬಿಕೆಯೇ ಇಲ್ಲದವನಿಗಿಂತ ಕೆಳಗೆ ನಿಲ್ಲಿಸುತ್ತದೆ. ಹೆತ್ತವರಿಗೆ ಕೊಡಬೇಕಾದುದನ್ನು ದೇವರಿಗೆ ಮುಡಿಪಿಟ್ಟಿದ್ದೇವೆಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ತರಾಟೆಗೆ ತೆಗೆದುಕೊಳ್ಳುವ ಪ್ರಸಂಗ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿದೆ. ತಾಯಿಯ ಮದ್ದಿನ ಖರ್ಚನ್ನು ತಪ್ಪಿಸಿ ಇಗರ್ಜಿಗೆ (ಚರ್ಚಿಗೆ) ಕೊಟ್ಟ ದೇಣಿಗೆಗೆ ಬೆಲೆಯಿಲ್ಲ ಎಂದಾಯಿತು.

ಬೋಧನೆ ಇಷ್ಟು ಸ್ಪಷ್ಟವಿದ್ದರೂ ಮನೆಯೊಳಗೆ ದಯೆ ತೋರುವುದೇ ಹೆಚ್ಚು ಕಷ್ಟ. ಹೊರಗಿನವರೊಂದಿಗೆ ನಗುನಗುತ್ತಾ ಮಾತಾಡುವವರೇ ಮನೆಗೆ ಬಂದು ಸಿಡುಕುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯ ಮೆಲ್ಕಾರಿನ ಸುತ್ತಮುತ್ತ, ಅಂದರೆ ಮೊಡಂಕಾಪು, ಲೊರೆಟ್ಟೊ, ಅಗ್ರಾರ್, ಮೊಗರ್ನಾಡು, ಆಚೆ ಮೂಡುಬಿದಿರೆಯ ಅಲಂಗಾರಿನವರೆಗೆ, ಕೊಂಕಣಿ ಕಥೋಲಿಕರು ಈ ಕಷ್ಟವನ್ನು ಉಪದೇಶಕ್ಕೆ ಬಿಡದೆ ದಿನಚರಿಯೊಳಗೇ ಹೆಣೆದಿದ್ದಾರೆ.

ಸಂಜೆಯಾದ ಮೇಲೆ ಮನೆಯ ಆಲ್ತಾರಿನ ಮುಂದೆ ಎಲ್ಲರೂ ಸೇರಿ ಹೇಳುವ ಜಪಮಾಲೆಗೆ ಇಲ್ಲಿ ತೇರ್ಸ್ ಎನ್ನುತ್ತಾರೆ. ಅದು ಮುಗಿದ ಕೂಡಲೇ ಮಕ್ಕಳು ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅಕ್ಕ ಎಂದು ಹಿರಿತನದ ಕ್ರಮದಲ್ಲಿ ಒಬ್ಬೊಬ್ಬರ ಮುಂದೆಯೂ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ಹಿರಿಯರು ದೇವರು ಒಳ್ಳೆಯದು ಮಾಡಲೆಂದು ಹರಸಬೇಕು. ಮಧ್ಯಾಹ್ನ ಅಪ್ಪನಿಂದ ಪೆಟ್ಟು ತಿಂದ ಹುಡುಗನೂ ಅಪ್ಪನ ಎದುರಿಗೇ ನಿಲ್ಲಬೇಕು; ಪೆಟ್ಟು ಕೊಟ್ಟ ಅಪ್ಪನೂ ಅವನನ್ನೇ ಹರಸಬೇಕು. ಮುಖ ಊದಿಸಿಕೊಂಡೇ ಕೇಳಿದ ಬೆಸಾಂವ್ ಕೂಡ ಮುರಿದ ಮಾತನ್ನು ಮತ್ತೆ ಶುರುಮಾಡಿಸುತ್ತದೆ. ಕೋಪದ ಮೇಲೆ ಸೂರ್ಯ ಮುಳುಗಬಾರದೆಂದು ಎಫೆಸದವರಿಗೆ ಬರೆದ ಪತ್ರ ಹೇಳುವುದನ್ನು ಈ ಪದ್ಧತಿ ಸದ್ದಿಲ್ಲದೆ ನಡೆಸಿಕೊಂಡು ಬಂದಿದೆ. ಟಿವಿ ಧಾರಾವಾಹಿ, ಟ್ಯೂಷನ್, ಮೊಬೈಲುಗಳ ನಡುವೆ ತೇರ್ಸ್ ತಪ್ಪಿದ ಮನೆಗಳಲ್ಲಿ ಹೋದದ್ದು ಪ್ರಾರ್ಥನೆಯೊಂದೇ ಅಲ್ಲ.

ಮನೆಯವರನ್ನು ಒಂದುಗೂಡಿಸುವ ಇದೇ ಕೆಲಸವನ್ನು ವರ್ಷಕ್ಕೊಮ್ಮೆ ದೊಡ್ಡದಾಗಿ ಮಾಡುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಮರಿಯಮ್ಮನವರ ಜನ್ಮದಿನವೂ ಹೊಸ ಫಸಲಿನ ತೆನೆಹಬ್ಬವೂ ಆದ ಇದನ್ನು ಈಗಿನ ರೂಪದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಆರಂಭಿಸಿದರೆಂದು ಪ್ರತೀತಿ. ಜಾಗ, ಮೆಲ್ಕಾರಿನಿಂದ ಮಂಗಳೂರಿನತ್ತ ಹೋಗುವಾಗ ಸಿಗುವ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮೀನಿಲ್ಲದೆ ಊಟ ಸೇರದ ಮನೆಗಳಲ್ಲೂ ಅಂದು ಬಾಳೆಲೆಯ ಮೇಲೆ ತರಕಾರಿ ಪದಾರ್ಥಗಳೇ. ಬೇರೆ ಮನೆ ಮಾಡಿದ ಮಕ್ಕಳು ಮೂಲಮನೆಗೆ ಬರುತ್ತಾರೆ. ದುಬೈ, ಮುಂಬೈಗಳಲ್ಲಿರುವವರಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತವೆ.

ಆದರೆ ಜಾಗದ ಪಾಲಿನ ತಕರಾರು ಬಂದಾಗ ಅದೇ ಎಲೆಯ ಮುಂದೆ ಒಬ್ಬ ತಮ್ಮನ ಸ್ಥಳ ಖಾಲಿ ಉಳಿಯುವುದುಂಟು. 1974ರ ಭೂಸುಧಾರಣೆಯ ನಂತರ ಜಿಲ್ಲೆಯ ಅನೇಕ ಗೇಣಿದಾರ ಕುಟುಂಬಗಳು ಭೂಮಾಲೀಕರಾದವು. ಮುಂದಿನ ತಲೆಮಾರಿಗೆ ಪಾಲು ಮಾಡುವ ಕೆಲಸ ಬಂತು. ಉಯಿಲು ಬರೆಯದೆ ತೀರಿಹೋದ ಕ್ರೈಸ್ತರ ಆಸ್ತಿಯಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ವಿಧವೆಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಮದುವೆಗೆ ಚಿನ್ನ ಹಾಕಿ ಕಳಿಸಿದ್ದೇವೆ, ಇನ್ನೇನು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಅಕ್ಕತಂಗಿಯರ ಕೈಯಿಂದ ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಂಡು ಪೂಜೆಗೆ ಹೋಗುವವರಿಗೆ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ ಒಂದು ಅಡ್ಡಿ: ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಒಡಹುಟ್ಟಿದವರೊಂದಿಗೆ ರಾಜಿಯಾಗಿ ಬರಬೇಕೆಂದು ಅದರ ಆದೇಶ. ಕೋರ್ಟಿಗೆ ಹೋಗುವ ಮೊದಲು ವಾಳೆಯ (ಇಗರ್ಜಿಯ ವಾರ್ಡಿನ) ಮುಖಂಡರಾದ ಗುರ್ಕಾರರೋ ಪಾದ್ರಿಗಳೋ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದೂ ಇದೆ.

ದೊಡ್ಡ ಜಗಳವಿಲ್ಲದ ಮನೆಗಳಲ್ಲೂ ಕೊರತೆ ಇರುತ್ತದೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಹೊರಡಿಸಿದ ‘ಅಮೋರಿಸ್ ಲೇತಿತ್ಸಿಯಾ’ ಎಂಬ ಪತ್ರದಲ್ಲಿ ಅನುಮತಿ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮೆ ಕೋರುವುದು ಈ ಮೂರೂ ಸಂಸಾರದಲ್ಲಿ ಬೇಕೇಬೇಕೆಂದರು. ಹಿರಿಯರಿಗೆ ಕೈಮುಗಿಯಲು ಕಲಿಸಿದ ನಮ್ಮ ಮನೆಗಳು ಹೆಂಡತಿಗೆ ಉಪಕಾರ ಹೇಳಲು, ಮಗನ ಬಳಿ ತಪ್ಪಾಯಿತೆನ್ನಲು ಕಲಿಸಿದ್ದು ಕಡಿಮೆ.

ಹಾಸಿಗೆ ಹಿಡಿದ ಹಿರಿಯರ ಆರೈಕೆಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಗಲ್ಫಿನಲ್ಲಿರುವ ಮಕ್ಕಳು ಹಣ ಕಳಿಸುತ್ತಾರೆ, ವಿಡಿಯೊ ಕಾಲಿನಲ್ಲಿ ತೇರ್ಸ್‌ಗೆ ಸೇರುತ್ತಾರೆ. ಮೈ ಒರೆಸಿ, ಗಂಜಿ ಕುಡಿಸಿ, ರಾತ್ರಿ ಎದ್ದು ಮಗ್ಗುಲು ಬದಲಿಸುವವಳು ಸೊಸೆ ಅಥವಾ ಮದುವೆಯಾಗದ ಮಗಳು. ರಜೆಗೆ ಬಂದ ಮಗ ಸಂಜೆ ಹತ್ತು ನಿಮಿಷ ಹಾಸಿಗೆಯ ಬಳಿ ಕೂತರೆ ಊರೆಲ್ಲ ಹೊಗಳುತ್ತದೆ. ಇವಳ ಕೆಲಸ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೆಲವು ಮನೆಗಳಲ್ಲಿ ಒಡಹುಟ್ಟಿದವರು ಸರದಿಯಂತೆ ತಿಂಗಳು ರಜೆ ಹಾಕಿ ಬಂದು, ಅವಳನ್ನು ತವರಿಗೋ ವೇಲಾಂಕಣಿ ಯಾತ್ರೆಗೋ ಕಳಿಸಿಕೊಡುತ್ತಾರೆ.