ಹಾಲು ಉಕ್ಕಿದಾಗ ಒಲೆ ಒರೆಸುವವರುಂಟೆ?

ಒಲೆಯ ಮೇಲಿನ ಹಾಲು ಉಕ್ಕಿ ಬಂದರೆ, ಹೆಚ್ಚುತ್ತಿದ್ದ ತರಕಾರಿಯನ್ನು ಅಲ್ಲೇ ಬಿಟ್ಟು ಓಡಿಹೋಗಿ ಉರಿ ಆರಿಸುತ್ತೇವೆ. ತುರ್ತು ಇರುವುದು ಅಷ್ಟಕ್ಕೇ. ಚೆಲ್ಲಿದ್ದನ್ನು ಒರೆಸುವುದು, ಪಾತ್ರೆ ಬದಲಿಸುವುದು, ಕಾಫಿಗೆ ಎಷ್ಟು ಉಳಿಯಿತೆಂದು ನೋಡುವುದು ಎಲ್ಲ ಆಮೇಲಿನ ಮಾತು. ಅಡುಗೆಮನೆಯಲ್ಲಿ ಯಾರೂ ಹೇಳಿಕೊಡದ ಈ ವಿವೇಕವನ್ನು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗಳಿಗೆ ಕಲಿಸುವುದಕ್ಕೆ ದಶಕಗಳೇ ಹಿಡಿದವು. ಪ್ರೊಸೆಸರಿನ ಕೈಹಿಡಿದು ನಿಲ್ಲಿಸುವ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಈ ಕರೆಗಳಿಗೆ ಓಗೊಡುವ ರೀತಿಯನ್ನು ಗಮನಿಸಿದರೆ, ಮೇಲ್ನೋಟಕ್ಕೆ ತಲೆಕೆಳಗಾಗಿ ಕಾಣುವ ಒಂದು ನಿಯಮ ಹೊರಬೀಳುತ್ತದೆ: ಕರೆಯ ಆದ್ಯತೆ ಏರಿದಷ್ಟೂ ಅದರ ಹೆಸರಿನಲ್ಲಿ ಮಾಡುವ ಕೆಲಸ ಇಳಿಯಬೇಕು.

ಕೀಲಿಮಣೆಯ ‘ಕೆ’ ಒತ್ತಿದ ಕ್ಷಣವನ್ನೇ ನೋಡಿ. ಹಳೆಯ ಪಿಎಸ್/2 ಕೀಲಿಮಣೆಗಳಲ್ಲಿ, ಇಂದಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಒಳಗಿನ ಕೀಲಿಮಣೆಗಳಲ್ಲೂ, ಒಂದು ಕಂಟ್ರೋಲರ್ ಪ್ರೊಸೆಸರಿಗೆ ಇಂಟರಪ್ಟ್ ಕಳಿಸುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರ್ ಆದರೆ ಕೈಲಿರುವ ಆದೇಶವನ್ನು ಮುಗಿಸಿ, ಎಲ್ಲಿಗೆ ನಿಲ್ಲಿಸಿದೆ ಎಂಬುದನ್ನು ಸ್ಟ್ಯಾಕಿನಲ್ಲಿ ಬರೆದಿಟ್ಟು, 256 ಸಾಲುಗಳ ಕೋಷ್ಟಕವನ್ನು ನೋಡಿ, ಈ ಕರೆಗೆಂದು ಗೊತ್ತುಮಾಡಿದ ಹ್ಯಾಂಡ್ಲರ್‌ಗೆ ಜಿಗಿಯುತ್ತದೆ. ಹ್ಯಾಂಡ್ಲರ್ ಕಂಟ್ರೋಲರಿನಿಂದ 37 ಎಂಬ ಸಂಖ್ಯೆಯನ್ನು ಓದಿಕೊಳ್ಳುತ್ತದೆ. ಬೆರಳು ಎತ್ತಿದಾಗ ಮತ್ತೊಂದು ಇಂಟರಪ್ಟ್, ಈ ಸಲ 165. ಕಂಟ್ರೋಲರಿನ ಹೊರಬಾಗಿಲಲ್ಲಿ ಇರುವುದು ಒಂದೇ ಬೈಟಿನ ಜಾಗ. ಅದನ್ನು ತೆರವು ಮಾಡದಿದ್ದರೆ ಮುಂದಿನ ಕೀಲಿಯ ಸುದ್ದಿ ಒಳಗೆ ಬಾರದು. ಇಲ್ಲಿ ಉಕ್ಕುವ ಹಾಲು ಅದು. ಆ 37 ಇಂಗ್ಲಿಷಿನ ‘ಕೆ’ ಆಗಬೇಕೋ, ನುಡಿ ವಿನ್ಯಾಸದ ‘ಕ’ ಆಗಬೇಕೋ, ಹಿಂದಿನ ಅಕ್ಷರಕ್ಕೆ ಒತ್ತಾಗಿ ಕೂರಬೇಕೋ ಎಂಬ ಯೋಚನೆಗಳೆಲ್ಲ ಬೇರೆ ತಂತ್ರಾಂಶಗಳ ಪಾಲಿಗೆ, ನಿಧಾನವಾಗಿ. ಲಿನಕ್ಸ್ ಕರ್ನಲ್ ಬರೆಯುವವರು ಇಂಥ ಕೆಲಸದ ತುರ್ತು ತುಂಡಿಗೆ ಟಾಪ್ ಹಾಫ್, ಉಳಿದದ್ದಕ್ಕೆ ಬಾಟಮ್ ಹಾಫ್ ಎನ್ನುತ್ತಾರೆ. ಅರ್ಧ ಎಂಬುದು ಹೆಸರಿಗೆ ಮಾತ್ರ; ಚೆನ್ನಾಗಿ ಬರೆದ ಡ್ರೈವರಿನಲ್ಲಿ, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶದಲ್ಲಿ, ಮೊದಲನೆಯದು ನಾಲ್ಕಾರು ಸಾಲಿಗೆ ಮುಗಿದಿರುತ್ತದೆ.

ಹೇಗೂ ಬಂದಾಗಿದೆ, ಪೂರ್ತಿ ಮುಗಿಸಿಯೇ ಹೋಗಬಾರದೆ ಎಂದು ಕೇಳಬಹುದು. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ 1996ರಲ್ಲಿ ಅಳತೆ ಮಾಡಿ ತೋರಿಸಿದರು. ಅವರು ಪರೀಕ್ಷಿಸಿದ ಯಂತ್ರದ ಕೆಲಸ ಒಂದು ಕಡೆಯಿಂದ ಬಂದ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ತಪಾಸಣೆ ಮಾಡಿ ಇನ್ನೊಂದು ಕಡೆಗೆ ದಾಟಿಸುವುದು. ಬರುವ ಪ್ಯಾಕೆಟ್‌ಗೆ ಮೇಲಿನ ಆದ್ಯತೆ, ತಪಾಸಣೆಗೆ ಕೆಳಗಿನದು. ಸೆಕೆಂಡಿಗೆ 2000ದ ಆಸುಪಾಸಿನವರೆಗೆ ಎಲ್ಲ ಸರಿಯಿತ್ತು. ಅಲ್ಲಿಂದಾಚೆಗೆ ಒಳಬರುವುದು ಹೆಚ್ಚಿದಂತೆ ಹೊರಹೋಗುವುದು ಇಳಿಯುತ್ತಾ ಬಂದು, 6000 ಮುಟ್ಟುವ ಹೊತ್ತಿಗೆ ಸೊನ್ನೆಯಾಯಿತು. ಯಂತ್ರ ಕೆಟ್ಟಿರಲಿಲ್ಲ, ಒಂದು ಕ್ಷಣವೂ ಸುಮ್ಮನೆ ಕೂತಿರಲಿಲ್ಲ. ಬಂದವರಿಗೆಲ್ಲ ಬಾಗಿಲು ತೆರೆಯುವುದರಲ್ಲೇ ಅದರ ಹೊತ್ತು ಮುಗಿಯುತ್ತಿತ್ತು. ಒಳಗೆ ಬಂದವರನ್ನು ವಿಚಾರಿಸುವವರಿರಲಿಲ್ಲ. ಇದಕ್ಕೆ ಅವರು ಸೂಚಿಸಿದ ಪರಿಹಾರದ ಹಾದಿಯಲ್ಲೇ ಲಿನಕ್ಸ್ ಮುಂದೆ ಸಾಗಿತು. ಮೊದಲ ಪ್ಯಾಕೆಟ್ ಬಂದಾಗ ನೆಟ್‌ವರ್ಕ್ ಕಾರ್ಡು ಇಂಟರಪ್ಟ್ ಕೊಡುತ್ತದೆ. ಡ್ರೈವರ್ ಮಾಡುವ ಮೊದಲ ಕೆಲಸ, ‘ಇನ್ನು ಕರೆಯಬೇಡ’ ಎಂದು ಕಾರ್ಡಿನ ಬಾಯಿ ಕಟ್ಟುವುದು. ಆಮೇಲೆ ಕರ್ನಲ್ ತಾನಾಗಿಯೇ ಹೋಗಿ, ಸಾಮಾನ್ಯವಾಗಿ ಒಂದು ಸಲಕ್ಕೆ 64ಕ್ಕೆ ಮೀರದಂತೆ, ಪ್ಯಾಕೆಟ್‌ಗಳನ್ನು ಎತ್ತಿಕೊಂಡು ಬರುತ್ತದೆ. ಸಾಲು ಕರಗಿದ ಮೇಲಷ್ಟೇ ಕಾರ್ಡಿಗೆ ಮತ್ತೆ ಕರೆಯುವ ಅನುಮತಿ.

ಪ್ರೊಸೆಸರ್‌ಗಳು ಅಂದಿಗಿಂತ ಎಷ್ಟೋ ಪಟ್ಟು ವೇಗವಾಗಿವೆ, ಕೋರ್‌ಗಳೂ ಹಲವು, ಈ ಜಿಪುಣತನ ಇನ್ನೇಕೆ ಎಂಬುದು ಎರಡನೆಯ ಆಕ್ಷೇಪ. ತಂತಿಯೂ ಸುಮ್ಮನಿಲ್ಲವಲ್ಲ! ಸಾಧಾರಣ ಒಂದು ಗಿಗಾಬಿಟ್ ಜೋಡಣೆಯಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಬೆನ್ನುಬೆನ್ನಿಗೆ ಬಂದರೆ ಸೆಕೆಂಡಿಗೆ 14.88 ಲಕ್ಷ, ಒಂದೊಂದಕ್ಕೆ ಸಿಗುವ ಕಾಲ 672 ನ್ಯಾನೊಸೆಕೆಂಡ್. ಪ್ರತಿಯೊಂದಕ್ಕೂ ಕೆಲಸ ನಿಲ್ಲಿಸಿ, ಗುರುತು ಬರೆದಿಟ್ಟು, ಜಿಗಿದು, ಹಿಂತಿರುಗುವ ಶಾಸ್ತ್ರಕ್ಕೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ವೇಗದಿಂದ ಬಗೆಹರಿಯದ ಇನ್ನೊಂದು ತೊಡಕೂ ಇದೆ. ಕರ್ನಲ್ಲಿನ ಒಂದು ಭಾಗ ಯಾವುದೋ ಪಟ್ಟಿಯನ್ನು ತಿದ್ದಲು ಲಾಕ್ ಹಾಕಿಕೊಂಡಿದೆ ಎನ್ನಿ. ಅದೇ ಗಳಿಗೆಗೆ ಅದೇ ಕೋರ್ ಮೇಲೆ ಇಂಟರಪ್ಟ್ ಬಂದು, ಅದರ ಹ್ಯಾಂಡ್ಲರ್ ಅದೇ ಲಾಕ್‌ಗೆ ಕಾಯತೊಡಗಿದರೆ ಕಥೆ ಮುಗಿಯಿತು. ಬೀಗ ಹಾಕಿದವನು ಮುಂದುವರಿಯುವಂತಿಲ್ಲ, ಬೀಗ ಬೇಕಾದವನು ಬಿಟ್ಟುಹೋಗುವಂತಿಲ್ಲ. ಹೀಗಾಗಿಯೇ ಇಂಥ ಲಾಕ್ ಹಿಡಿಯುವ ಮುನ್ನ ಕರ್ನಲ್ ಆ ಕೋರ್‌ನಲ್ಲಿ ಇಂಟರಪ್ಟ್‌ಗಳನ್ನು ಕೊಂಚ ಹೊತ್ತು ತಡೆದಿಡುತ್ತದೆ.

ತಡೆಯಲಾಗದ ಇಂಟರಪ್ಟ್ ಕೂಡ ಒಂದಿದೆ, ಎನ್‌ಎಂಐ ಎಂದು ಅದರ ಹೆಸರು. ಸಾಮಾನ್ಯ ಇಂಟರಪ್ಟ್‌ಗಳಿಗೆಲ್ಲ ಕದ ಮುಚ್ಚಿದ್ದಾಗಲೂ ಅದು ಒಳಗೆ ನುಗ್ಗಬಲ್ಲದು. ಲಿನಕ್ಸಿನಲ್ಲಿ ಕೋರ್ ಒಂದು ಸುಮಾರು 10 ಸೆಕೆಂಡು ಯಾವ ಇಂಟರಪ್ಟ್‌ಗೂ ಓಗೊಡದೆ ಸಿಕ್ಕಿಕೊಂಡಿದ್ದರೆ ಅದನ್ನು ಪತ್ತೆ ಮಾಡುವ ಕಾವಲುಗಾರನಾಗಿ ಇದನ್ನು ಬಳಸುತ್ತಾರೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು: ಎಲ್ಲರಿಗಿಂತ ಮೇಲಿನ ಈ ಎನ್‌ಎಂಐಗೇ ಎಲ್ಲರಿಗಿಂತ ಹೆಚ್ಚು ಕಟ್ಟುಪಾಡು. ಯಾರು ಯಾವ ಲಾಕ್ ಹಿಡಿದಿರುವಾಗ ಬಂದೆನೋ ಅದಕ್ಕೇ ಗೊತ್ತಿರುವುದಿಲ್ಲವಾದ್ದರಿಂದ ಯಾವ ಲಾಕ್‌ಗೂ ಅದು ಕಾಯುವ ಹಾಗಿಲ್ಲ. ಒಂದು ಸಾಲಿನ ಎಚ್ಚರಿಕೆಯನ್ನು ಪರದೆಗೆ ಬರೆಯುವುದೂ ಅದಕ್ಕೆ ಕಷ್ಟವೇ, ಏಕೆಂದರೆ ಪರದೆಯ ಲಾಕ್ ಇನ್ನೊಬ್ಬರ ಕೈಯಲ್ಲಿರಬಹುದು.

ಈ ತತ್ವವನ್ನು ಕೊನೆಯವರೆಗೆ ಎಳೆದವರು ಲಿನಕ್ಸಿನ ರಿಯಲ್‌ಟೈಮ್ ಬಳಗದವರು. ಅವರ ಕರ್ನಲ್ಲಿನಲ್ಲಿ ಬಹುತೇಕ ಹ್ಯಾಂಡ್ಲರ್‌ಗಳು ಸಾಮಾನ್ಯ ಕೆಲಸದ ಎಳೆಗಳಾದ ಥ್ರೆಡ್‌ಗಳಂತೆ ಸರದಿಯಲ್ಲಿ ನಿಲ್ಲುತ್ತವೆ. ಆ ಸರದಿ 1ರಿಂದ 99ರವರೆಗಿನದು, ಅವುಗಳಿಗೆ ಮೊದಲಿಗೆ ಸಿಗುವುದು ಸರಿಯಾಗಿ ನಡುವಿನ 50. ಇದರಿಂದ ಒಟ್ಟು ಕೆಲಸ ತುಸು ಕುಂಟುತ್ತದೆ ಎಂಬ ಆಕ್ಷೇಪ ನಿಜ, ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಥ್ರೆಡ್ ಬದಲಿಸುವುದು ಬಿಟ್ಟಿಯಾಗಿ ಆಗುವಂಥದ್ದಲ್ಲ. ವೆಬ್ ಸರ್ವರ್ ನಡೆಸುವವರಿಗೆ ಈ ಕರ್ನಲ್ ಬೇಕಾಗಿಯೂ ಇಲ್ಲ. ಅವರಿಗೆ ಸರಾಸರಿ ಚೆನ್ನಾಗಿದ್ದರೆ ಸಾಕು. ಕಾರ್ಖಾನೆಯ ಯಂತ್ರದ ತೋಳನ್ನು ನಡೆಸುವವರಿಗೆ ಮುಖ್ಯವಾಗುವುದು ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟು ತಡವಾಗಬಹುದು ಎಂಬ ಲೆಕ್ಕ. ಇಪ್ಪತ್ತು ವರ್ಷದಷ್ಟು ಕಾಲ ಹೊರಗಿನ ತೇಪೆಯಾಗಿಯೇ ಬೆಳೆದ ಈ ವ್ಯವಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಲಿನಕ್ಸಿನ ಮುಖ್ಯ ಕರ್ನಲ್ಲಿಗೆ ಸೇರಿತು. ಅದನ್ನು ಕಡೆಯವರೆಗೆ ಬಾಗಿಲ ಹೊರಗೆ ನಿಲ್ಲಿಸಿದ್ದು ಸಂದೇಶಗಳನ್ನು ಪರದೆಗೆ ಬರೆಯುವ ಆ ಹಳೆಯ ಭಾಗದ ದುರಸ್ತಿ. ಈಗ ಯಂತ್ರದ ತೋಳು ನಡೆಸುವ ಪ್ರೋಗ್ರಾಮಿಗೆ 80 ಎಂದು ಮೇಲಿನ ಆದ್ಯತೆ ಕೊಟ್ಟರೆ, ನೆಟ್‌ವರ್ಕ್ ಕಾರ್ಡು ಎಷ್ಟೇ ಕೂಗಿಕೊಳ್ಳಲಿ, ಅದರ ಹ್ಯಾಂಡ್ಲರ್ 50ರಲ್ಲಿ ನಿಂತು ತೋಳು ತನ್ನ ಚಲನೆ ಮುಗಿಸುವವರೆಗೆ ಕಾಯುತ್ತದೆ.