ಡ್ಯುಯೊಡಿನಲ್ ಅಲ್ಸರ್

ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್‌ನ ಒಳಪದರದಲ್ಲಿ ಉಂಟಾಗುವ ಹುಣ್ಣನ್ನು ಡ್ಯುಯೊಡಿನಲ್ ಅಲ್ಸರ್ ಎಂದು ಕರೆಯಲಾಗುತ್ತದೆ. ಆಡುಮಾತಿನಲ್ಲಿ ಇದು ಹೊಟ್ಟೆಹುಣ್ಣು ಅಥವಾ ಕರುಳುಹುಣ್ಣು. ಒಂದು ಕಾಲಕ್ಕೆ ದಕ್ಷಿಣ ಭಾರತದಲ್ಲಿ ಬಹು ಸಾಮಾನ್ಯವಾಗಿದ್ದ ಈ ಕಾಯಿಲೆಗೂ ಆಹಾರಕ್ಕೂ ಇರುವ ಸಂಬಂಧವನ್ನು ಅರಸಿದ ಪ್ರಮುಖ ಅಧ್ಯಯನವೊಂದರ ಬೇರು ಮೈಸೂರಿನಲ್ಲಿದೆ.

ಲಕ್ಷಣಗಳು

ಹೊಕ್ಕುಳಿನ ಮೇಲ್ಭಾಗದಲ್ಲಿ ಉರಿ ಅಥವಾ ನೋವು ಮುಖ್ಯ ಲಕ್ಷಣ. ಹಸಿದಾಗ ಮತ್ತು ನಡುರಾತ್ರಿಯಲ್ಲಿ ಹೆಚ್ಚುವ ನೋವು ಊಟ ಮಾಡಿದೊಡನೆ ತಗ್ಗುವುದುಂಟು. ಹುಣ್ಣಿನಿಂದ ರಕ್ತ ಸ್ರವಿಸಿದರೆ ಮಲ ಡಾಂಬರಿನಂತೆ ಕಪ್ಪಾಗುತ್ತದೆ.

ಕಾರಣಗಳು

ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದರ ಪಾತ್ರವನ್ನು 1980ರ ದಶಕದಲ್ಲಿ ತೋರಿಸಿಕೊಟ್ಟು, 2005ರ ನೊಬೆಲ್ ಪ್ರಶಸ್ತಿ ಪಡೆದರು. ಮೈಕೈ ನೋವಿಗೆ ನುಂಗುವ ಆಸ್ಪಿರಿನ್, ಡೈಕ್ಲೊಫಿನಾಕ್‌ನಂತಹ ಮಾತ್ರೆಗಳು ಎರಡನೆಯ ಕಾರಣ. ಧೂಮಪಾನವು ಹುಣ್ಣು ಮಾಯುವುದನ್ನು ತಡೆಯುತ್ತದೆ.

ಮೈಸೂರಿನ ಅಧ್ಯಯನ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾಯಿತು. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1950 ಮತ್ತು 60ರ ದಶಕಗಳಲ್ಲಿ ಅಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಫ್ರಾಂಕ್ ಟೋವಿ, ಅಕ್ಕಿಯೇ ಮುಖ್ಯ ಆಹಾರವಾದ ದಕ್ಷಿಣದಲ್ಲಿ ಈ ಹುಣ್ಣು ಹೆಚ್ಚು, ಗೋಧಿ ಉಣ್ಣುವ ಉತ್ತರದಲ್ಲಿ ಕಡಿಮೆ ಎಂಬುದನ್ನು ಗಮನಿಸಿದರು. ಭಾರತ ಮತ್ತು ಬಾಂಗ್ಲಾದೇಶಗಳ ಕುರಿತ ಅವರ ಲೇಖನ 1979ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇಲ್ಲವಾಗುವ ಕೆಲವು ಕೊಬ್ಬಿನಂಶಗಳು ತೌಡು ತೆಗೆಯದ ಧಾನ್ಯ, ಕೆಲವು ಕಿರುಧಾನ್ಯ ಹಾಗೂ ಹುರುಳಿಯಂತಹ ಕಾಳುಗಳಲ್ಲಿದ್ದು, ಕರುಳಿನ ಪದರವನ್ನು ಕಾಪಾಡುತ್ತವೆ ಎಂಬುದು ಅವರ ವಾದ. ಇಲಿಗಳ ಮೇಲೆ ಪ್ರಯೋಗಗಳೂ ನಡೆದವು. ಬ್ಯಾಕ್ಟೀರಿಯಾದ ಸೋಂಕು ಎಲ್ಲೆಡೆ ವ್ಯಾಪಕವಾಗಿದ್ದರೂ ಹುಣ್ಣು ಮಾತ್ರ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರುವುದೇಕೆ ಎಂಬ ಪ್ರಶ್ನೆಗೆ ಈ ವಾದ ಉತ್ತರ ಹುಡುಕುತ್ತದೆ. ಆದರೆ ಆಹಾರವು ಔಷಧಕ್ಕೆ ಬದಲಿಯಲ್ಲ.

ಚಿಕಿತ್ಸೆ

ಹಿಂದೆ ಆಮ್ಲ ತಗ್ಗಿಸಲು ವೇಗಸ್ ನರವನ್ನು ಕತ್ತರಿಸಿ, ಜಠರವನ್ನು ಸಣ್ಣ ಕರುಳಿಗೆ ಜೋಡಿಸುವ ಶಸ್ತ್ರಕ್ರಿಯೆ ರೂಢಿಯಲ್ಲಿತ್ತು. ಈಗ ಎಂಡೋಸ್ಕೋಪಿಯಿಂದ ಹುಣ್ಣನ್ನು ಗುರುತಿಸಿ, ಸೋಂಕಿದ್ದರೆ ಪ್ರತಿಜೀವಕಗಳನ್ನೂ ಒಮೆಪ್ರಜೋಲ್‌ನಂತಹ ಔಷಧವನ್ನೂ ಕೊಟ್ಟು ಗುಣಪಡಿಸಲಾಗುತ್ತದೆ. ಶಸ್ತ್ರಚಿಕಿತ್ಸೆ ಬಹುಮಟ್ಟಿಗೆ ತೊಡಕುಗಳಿಗೆ ಮಾತ್ರ ಉಳಿದಿದೆ.

ಹುಣ್ಣು ಒಡೆದು ರಂಧ್ರವಾಗುವುದು ಅತ್ಯಂತ ಅಪಾಯಕಾರಿ. ಒಮ್ಮೆಲೇ ಚೂರಿಯಿಂದ ಇರಿದಂತೆ ನೋವು ಬಂದು, ಹೊಟ್ಟೆ ಹಲಗೆಯಂತೆ ಬಿರುಸಾಗುತ್ತದೆ. ನಿಂತ ಭಂಗಿಯ ಎಕ್ಸ್-ರೇಯಲ್ಲಿ ವಪೆಯ ಕೆಳಗೆ ಗಾಳಿ ಕಾಣಿಸಬಹುದು. ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನೇ ತೇಪೆಯಾಗಿಸಿ ರಂಧ್ರ ಮುಚ್ಚುವ, 1937ರಲ್ಲಿ ಕೆನಡಾದ ರಾಸ್ಕೋ ಗ್ರಹಾಂ ವಿವರಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ತಡವಾದಷ್ಟೂ ಸಾವಿನ ಸಂಭವ ಹೆಚ್ಚುತ್ತದೆ.

ರಾಯಚೂರು ಸೀಮೆಯಲ್ಲಿ

ಜೋಳದ ರೊಟ್ಟಿಯ ನಾಡಾದ ಸಿಂಧನೂರು ಭಾಗ ತುಂಗಭದ್ರಾ ಎಡದಂಡೆ ನಾಲೆ ಬಂದ ಮೇಲೆ ಭತ್ತದ ಕಣಜವಾಯಿತು. ಹೀಗಾಗಿ ಅಕ್ಕಿಯ ಕುರಿತ ಮೈಸೂರಿನ ಪ್ರಶ್ನೆ ಈ ಸೀಮೆಗೂ ಸಲ್ಲುತ್ತದೆ. ಗದ್ದೆಯ ದುಡಿಮೆಯ ಮೈಕೈ ನೋವಿಗೆ ಅಂಗಡಿಯ ಮಾತ್ರೆಯನ್ನು ದಿನವೂ ನುಂಗುವುದು ಹುಣ್ಣಿಗೆ ದಾರಿ. ತುರ್ವಿಹಾಳದಂತಹ ಊರುಗಳಲ್ಲಿ ಹೊಟ್ಟೆ ಹಠಾತ್ತನೆ ಬಿಗಿದರೆ ಸೋಡಾ ಕುಡಿದು ಬೆಳಗಿನವರೆಗೆ ಕಾಯದೆ, ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆ ಸೇರುವುದೇ ಜೀವ ಉಳಿಸುವ ಕ್ರಮ.