ಕೊನೆಯ ಎಳೆಗಾಗಿ ಕಾಯುವ ಜೀವಕೋಶ

ಕರುಳಿನ ಒಳಪದರ, ಚರ್ಮ, ರಕ್ತವನ್ನು ಉತ್ಪಾದಿಸುವ ಅಸ್ಥಿಮಜ್ಜೆ - ಇಲ್ಲೆಲ್ಲ ಹಗಲಿರುಳೂ ಜೀವಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಹೀಗೆ ಒಡೆಯುವ ಮುನ್ನ ಕೋಶವು ತನ್ನ 46 ವರ್ಣತಂತುಗಳಿಗೂ ಒಂದೊಂದು ನಕಲು ತಯಾರಿಸಿಕೊಂಡು, ಅವನ್ನು ಎರಡು ಮರಿಕೋಶಗಳಿಗೆ ಸರಿಸಮನಾಗಿ ಹಂಚಬೇಕು. ಒಂದಕ್ಕೆ 47, ಇನ್ನೊಂದಕ್ಕೆ 45 ದಕ್ಕಿದರೆ ಅನಾಹುತ. ಅಂಥ ಪ್ರಮಾದಗಳು ವಿರಳವಾಗಿರುವುದಕ್ಕೆ ಮುಖ್ಯ ಕಾರಣ ಕೋಶದ ತಾಳ್ಮೆ.

ಹಂಚಿಕೆಯ ಸಾಧನಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಕದಿರು. ನೂಲು ತೆಗೆಯುವ ಕದಿರಿನಂತೆಯೇ ಅದರ ನಡುವು ದಪ್ಪ, ತುದಿಗಳು ಚೂಪು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಅದರ ಎಳೆಗಳನ್ನು ಕಾಣಬಹುದು. ಈ ಎಳೆಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದಾದ, ಕೇವಲ 25 ನ್ಯಾನೊಮೀಟರ್ ವ್ಯಾಸದ ನಳಿಕೆಗಳು. ಎರಡು ಧ್ರುವಗಳಿಂದ ಹೊರಟು, ಬೆಳೆಯುತ್ತ ಕುಗ್ಗುತ್ತ, ಕತ್ತಲಲ್ಲಿ ಕೈಯಾಡಿಸುವವರಂತೆ ವರ್ಣತಂತುಗಳನ್ನು ತಡಕುತ್ತವೆ. ಪ್ರತಿ ಜೋಡಿಯ ಒಂದೊಂದು ಪ್ರತಿಯನ್ನೂ ಎದುರುಬದುರು ಧ್ರುವಗಳ ಎಳೆಗಳೇ ಹಿಡಿಯಬೇಕು.

ಈ ಹುಡುಕಾಟದಲ್ಲಿ ಅದೃಷ್ಟದ ಪಾಲು ದೊಡ್ಡದು. ಹಾಗಿದ್ದರೆ ಎಲ್ಲವೂ ಸಿಕ್ಕಿದವೆಂದು ಕೋಶಕ್ಕೆ ತಿಳಿಯುವುದು ಹೇಗೆ? 1991ರಲ್ಲಿ ಅಮೆರಿಕದ ಎರಡು ತಂಡಗಳು ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲಿ ಈ ಪ್ರಶ್ನೆಯ ಬೆನ್ನುಹತ್ತಿದವು. ಔಷಧಿಯಿಂದ ಕದಿರನ್ನು ಕೆಡಿಸಿದಾಗ ಸಾಮಾನ್ಯ ಯೀಸ್ಟ್ ವಿಭಜನೆಯನ್ನು ತಡೆಹಿಡಿಯುತ್ತದೆ. ಕೆಲವು ತಳಿಗಳು ಮಾತ್ರ ನಿಲ್ಲದೆ ಮುನ್ನುಗ್ಗಿ ಸತ್ತವು. ಅವುಗಳಲ್ಲಿ ಕೆಟ್ಟಿದ್ದ ವಂಶವಾಹಿಗಳಿಗೆ ‘ಮ್ಯಾಡ್’ ಮತ್ತು ‘ಬಬ್’ ಎಂಬ ಹೆಸರು ಬಂತು. ನಮ್ಮ ಕೋಶಗಳಲ್ಲಿಯೂ ಇವೇ ಕಾವಲುಗಾರರಿದ್ದಾರೆ.

ಈ ಕಾವಲಿನ ಕ್ರಮ ವಿಶಿಷ್ಟವಾದುದು. ಎಷ್ಟು ವರ್ಣತಂತುಗಳು ಸಿದ್ಧವಾಗಿವೆ ಎಂದು ಅದು ಎಣಿಸುವುದಿಲ್ಲ. ಯಾವುದಾದರೂ ಒಂದು ಬಾಕಿಯಿದೆಯೇ ಎಂದಷ್ಟೇ ಕೇಳುತ್ತದೆ. ಎಳೆ ಸಿಗದ ವರ್ಣತಂತು ‘ತಡೆಯಿರಿ’ ಎಂಬ ಸಂಕೇತವನ್ನು ಸತತವಾಗಿ ಹೊರಡಿಸುತ್ತದೆ. ಆ ಸಂಕೇತ ಇರುವವರೆಗೆ, ಜೋಡಿಗಳನ್ನು ಬಿಗಿದಿಟ್ಟ ಅಂಟನ್ನು ಕತ್ತರಿಸಬಲ್ಲ ಕಿಣ್ವಕ್ಕೆ ಬೀಗ ಬಿದ್ದಿರುತ್ತದೆ. ಸಂಕೇತ ನಿಂತೊಡನೆ ಬೀಗ ನಾಶವಾಗಿ ಜೋಡಿಗಳು ಬೇರ್ಪಡುತ್ತವೆ.

1995ರಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು ಇದನ್ನು ಸೊಗಸಾಗಿ ತೋರಿಸಿದರು. ಪೊಟೊರೂ ಎಂಬ ಪುಟ್ಟ ಕಾಂಗರೂ ಬಂಧುವಿನ ಕೋಶದಲ್ಲಿ, ಒಂಟಿಯಾಗಿ ಉಳಿದಿದ್ದ ಕೊನೆಯ ಹಿಡಿಕೆಯನ್ನು ಲೇಸರ್‌ನಿಂದ ಸುಟ್ಟರು. ದೂರು ಹೇಳುವ ಬಾಯಿ ಮುಚ್ಚಿತು. ವರ್ಣತಂತು ಸಿಕ್ಕಿರದಿದ್ದರೂ ಕೋಶ ಇಬ್ಭಾಗವಾಗಲು ಹೊರಟಿತು. ಅದೇ ವರ್ಷ ಬ್ರೂಸ್ ನಿಕ್ಲಾಸ್ ಅವರ ಪ್ರಯೋಗಾಲಯದಲ್ಲಿ, ಸೂರ್ಯನ ಕುದುರೆ ಕೀಟದ ಕೋಶದೊಳಗೆ ಸರಿಯಾಗಿ ಜೋಡಣೆಯಾಗದ ವರ್ಣತಂತುವೊಂದನ್ನು ಗಾಜಿನ ಸೂಜಿಯಿಂದ ಎಳೆದು ಹಿಡಿದರು. ಕಾಯುತ್ತಿದ್ದ ಕೋಶ ಮುಂದುವರಿಯಿತು. ಅಂದರೆ ಎಳೆ ತಾಗಿದರೆ ಸಾಲದು, ಅದು ಬಿಗಿಯಾಗಿಯೂ ಇರಬೇಕು.

ವೈದ್ಯವಿಜ್ಞಾನ ಈ ತಾಳ್ಮೆಯನ್ನೇ ಆಯುಧವಾಗಿಸಿಕೊಂಡಿದೆ. ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದ ಪಡೆಯುವ ವಿನ್‌ಕ್ರಿಸ್ಟೀನ್ ಎಳೆಗಳನ್ನು ಕಟ್ಟಲು ಬಿಡುವುದಿಲ್ಲ. ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್ ಅವನ್ನು ಕುಗ್ಗಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶ ಕಾದು ಕಾದು ಸಾಯುತ್ತದೆ, ಇಲ್ಲವೇ ವರ್ಣತಂತುಗಳನ್ನು ತಪ್ಪಾಗಿ ಹಂಚಿಕೊಂಡು ನಾಶವಾಗುತ್ತದೆ. ನರಕೋಶಗಳೂ ಇಂಥ ನಳಿಕೆಗಳ ಮೂಲಕವೇ ಸಾಗಾಟ ನಡೆಸುವುದರಿಂದ ರೋಗಿಗಳ ಕೈಕಾಲು ಜೋಮು ಹಿಡಿಯುವುದುಂಟು.

ಆದರೆ ಈ ಕಾವಲು ಎಲ್ಲೆಡೆಯೂ ಸಮಾನ ಕಟ್ಟುನಿಟ್ಟಿನದಲ್ಲ. ಅಂಡಾಣುವಿನಲ್ಲಿ ಅದು ಸಡಿಲ. ಹೆಣ್ಣು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಆಕೆಯ ಅಂಡಾಣುಗಳು ವಿಭಜನೆಯನ್ನು ಆರಂಭಿಸಿ, ಅರ್ಧಕ್ಕೆ ನಿಂತು, ದಶಕಗಳ ಕಾಲ ಕಾಯುತ್ತವೆ. ಅಷ್ಟರಲ್ಲಿ ವರ್ಣತಂತುಗಳ ಅಂಟು ಸವೆದಿರುತ್ತದೆ. ಮಾನವ ಅಂಡಾಣುವಿನಲ್ಲಿ ಕದಿರು ರೂಪುಗೊಳ್ಳಲು ಸುಮಾರು 16 ಗಂಟೆ ಬೇಕೆಂದೂ ಅದು ಹಲವು ಸಲ ಅಸ್ಥಿರವಾಗಿರುತ್ತದೆಂದೂ 2015ರ ಅಧ್ಯಯನವೊಂದು ತೋರಿಸಿತು. ಡೌನ್ ಸಿಂಡ್ರೋಮ್‌ಗೆ 21ನೇ ವರ್ಣತಂತುವಿನ ಹೆಚ್ಚುವರಿ ಪ್ರತಿ ಕಾರಣವೆಂದು 1959ರಿಂದ ಗೊತ್ತು. ಆ ಪ್ರತಿ ಬರುವುದು ಬಹುತೇಕ ಅಂಡಾಣುವಿನ ಇಂಥ ತಪ್ಪು ಹಂಚಿಕೆಯಿಂದ. ಇಪ್ಪತ್ತೈದರ ತಾಯಂದಿರಲ್ಲಿ ಇದರ ಸಾಧ್ಯತೆ ಸಾವಿರಕ್ಕೊಂದಕ್ಕಿಂತ ಕಡಿಮೆ. ನಲವತ್ತರಲ್ಲಿ ಸುಮಾರು ನೂರಕ್ಕೊಂದು.

ಇಂಥ ಮಗು ಹುಟ್ಟಿದಾಗ ನಮ್ಮಲ್ಲಿ ಮೊದಲು ಬೆರಳು ತಿರುಗುವುದು ತಾಯಿಯತ್ತ. ಗ್ರಹಣದಲ್ಲಿ ಹೊರಗೆ ಬಂದಳು, ತಿನ್ನಬಾರದ್ದನ್ನು ತಿಂದಳು, ಪೂರ್ವಜನ್ಮದ ಕರ್ಮ ಎಂಬ ಮಾತುಗಳಿಗೆ ಬರವಿಲ್ಲ. ಸೂಕ್ಷ್ಮದರ್ಶಕ ಹೇಳುವ ಕಥೆ ಬೇರೆ. ಆಕೆ ಗರ್ಭಿಣಿಯಾಗುವ ಮುನ್ನವೇ, ಆಕೆಯ ಅರಿವಿಗೆ ಬಾರದ ಅಂತರಾಳದಲ್ಲಿ, ಎಳೆಯೊಂದು ಗುರಿ ತಪ್ಪಿತ್ತು. ಕಾವಲು ಅದನ್ನು ಗಮನಿಸಲಿಲ್ಲ. ಅದರಲ್ಲಿ ಯಾರ ಅಪರಾಧವೂ ಇಲ್ಲ. ಕೊನೆಯ ವರ್ಣತಂತುವೊಂದಕ್ಕಾಗಿ ಕೋಶ ತೋರುವ ತಾಳ್ಮೆಯನ್ನು ಆ ತಾಯಿ ಮತ್ತು ಮಗುವಿಗೆ ತೋರಬೇಕಾದವರು ನಾವು.